ಕಲ್ಪವೃಕ್ಷವಳಿದ ಮೇಲೆ

ಪಂಪನು ಕ್ರಿ.ಶ. 941ರಲ್ಲಿ ರಚಿಸಿದ ‘ಆದಿಪುರಾಣ’ದ ಭೋಗಭೂಮಿಯಲ್ಲಿ ಹತ್ತು ಬಗೆಯ ಕಲ್ಪವೃಕ್ಷಗಳು ಅನ್ನ, ವಸ್ತ್ರ, ಆಭರಣ, ಬೆಳಕುಗಳನ್ನು ಬಯಸಿದೊಡನೆ ನೀಡುತ್ತವೆ. ಆ ವೈಭವಕ್ಕೆ ಮನಸೋತವರು ಕಥೆಯ ನಡೆಯನ್ನು ಮರೆಯಬಾರದು. ಬೇಡುವವನಿಲ್ಲದ ಆ ನಾಡಿನಲ್ಲಿ ಕೊಡುವವನೂ ಇಲ್ಲ, ವ್ರತ-ಸಂಯಮಗಳಿಗೆ ಎಡೆಯಿಲ್ಲ. ಮರಗಳು ಅಳಿದ ಮೇಲೆಯೇ ವೃಷಭದೇವನು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸಿದನು. ಮುಂದೆ ಹಸ್ತಿನಾಪುರದಲ್ಲಿ ಶ್ರೇಯಾಂಸನು ಆ ಸ್ವಾಮಿಗೆ ಇಕ್ಷುರಸವನ್ನಿತ್ತು ದಾನತೀರ್ಥಕ್ಕೆ ಮೊದಲಿಗನಾದನು. ದುಡಿಮೆಯೂ ದಾನವೂ ಕಲ್ಪವೃಕ್ಷದ ಅಭಾವದಲ್ಲಿ ಹುಟ್ಟಿದವೆಂಬುದೇ ಕಥೆಯ ತಿರುಳು. ಇಂದು ಕಲ್ಪವೃಕ್ಷವೆನಿಸಿಕೊಂಡಿರುವ ತೆಂಗು ಸಹ ಬಿಡದಿಯ ತೋಟಗಳಲ್ಲಿ ನೀರೆರೆದವರಿಗೇ ಫಲವೀಯುತ್ತದೆ. ಶ್ರೇಯಾಂಸನ ದಾನವನ್ನು ನೆನೆಯಬೇಕಾದ ಅಕ್ಷಯತೃತೀಯೆಯಂದು ಚಿನ್ನವನ್ನಷ್ಟೇ ಕೊಳ್ಳುವವರು ಅಳಿದ ಮರವನ್ನು ಮತ್ತೆ ಅರಸುತ್ತಾರೆ. ಕಾವ್ಯವು ತೋರುವುದು ಕೊಡುವ ಕೈಯನ್ನು.