ಲಾಡಿ ಒಂದೇ, ಮರ್ಯಾದೆ ಬೇರೆ

ಕಳೆದ ಭಾನುವಾರ ಬಸರಾಳಿನ ಮಲ್ಲಿಕಾರ್ಜುನ ದೇವಾಲಯದ ಮುಂದೆ ನಮ್ಮ ನೆರೆಮನೆಯ ಹುಡುಗ ಫೋಟೋ ತೆಗೆಸಿಕೊಳ್ಳುತ್ತಿದ್ದ. ಹಿಂದೆ 1234ರಲ್ಲಿ ಹರಿಹರ ದಣ್ಣಾಯಕ ಕಟ್ಟಿಸಿದ ಗುಡಿ, ಮುಂದೆ ಆನ್‌ಲೈನಿನಲ್ಲಿ ತರಿಸಿದ ಕಪ್ಪು ಜಾಗರ್ ಪ್ಯಾಂಟು. ತೊಡೆಯಲ್ಲಿ ಸಡಿಲ, ಪಾದದ ಗಂಟಿನಲ್ಲಿ ಬಿಗಿ, ಪಕ್ಕದಲ್ಲಿ ಜಪಾನಿ ಅಕ್ಷರಗಳ ಸಾಲು. "ಜಪಾನ್ ಸ್ಟ್ರೀಟ್‌ವೇರ್ ಕಣಣ್ಣ" ಅಂದ. ಹೊಲದಿಂದ ಬರುತ್ತಿದ್ದ ಅವರಪ್ಪ ಒಂದು ಗಳಿಗೆ ನಿಂತರು. ಎತ್ತಿ ಕಟ್ಟಿದ ಪಂಚೆಯ ಕೆಳಗೆ ಪಟಾಪಟಿ ಚಡ್ಡಿ. "ಲಾಡಿ ನಮ್ದೆಯಾ ಕಲಾ. ಕಾಲ್ ತಾವ ರಬ್ಬರ್ ಹಾಕವ್ರೆ ಅಷ್ಟೆಯಾ" ಎಂದು ನಡೆದರು. ಅಪ್ಪ ಫೋಟೋದ ಚೌಕಟ್ಟಿನಿಂದ ಆಚೆ ಹೋಗುವವರೆಗೂ ಹುಡುಗ ಕಾದ.

ಹಾಗೆ ಕಾದದ್ದೇ ನನ್ನನ್ನು ಈ ಬರಹಕ್ಕೆ ಕೂರಿಸಿತು. ಕಥೆ, ಕವಿತೆಗಳಂತೆ ಉಡುಪನ್ನೂ ಓದಬಹುದು ಎನ್ನುವುದಾದರೆ, ಅಪ್ಪನ ಓದು ಮಗನ ಓದಿಗಿಂತ ಸರಿಯಾಗಿತ್ತು.

ಜಾಗರ್ ಹುಟ್ಟಿದ್ದು ಓಟಗಾರರ ಸ್ವೆಟ್‌ಪ್ಯಾಂಟಿನಿಂದ. ಆದರೆ ಅದರ ಅಗಲ ತೊಡೆಯ ಜಪಾನಿ ರೂಪದಲ್ಲಿ ನನಗೆ ಕಾಣುವುದು 'ತೋಬಿ'ಗಳ ನೆರಳು. ತೋಬಿಗಳೆಂದರೆ ಕಟ್ಟಡಗಳಿಗೆ ಸಾರುವೆ ಕಟ್ಟುವ ಜಪಾನಿನ ಕೂಲಿಕಾರರು. ಹತ್ತುವಾಗ ಮಂಡಿ ಸಲೀಸಾಗಿ ಮಡಚಬೇಕು, ಅದಕ್ಕೆ ಮೇಲೆ ಸಡಿಲ. ಬಟ್ಟೆ ಕಾಲಿಗೆ ತೊಡರಬಾರದು, ಅದಕ್ಕೆ ಕೆಳಗೆ ಬಿಗಿ. ಆ ಉಡುಪನ್ನು ಅಲ್ಲಿ 'ನಿಕ್ಕಾಬೊಕ್ಕಾ' ಎನ್ನುತ್ತಾರೆ. ಇಂಗ್ಲಿಷಿನ ನಿಕ್ಕರ್‌ಬಾಕರ್ ಜಪಾನಿ ನಾಲಿಗೆಯಲ್ಲಿ ಹಾಗಾಗಿದೆ.

ನಮ್ಮ 'ನಿಕ್ಕರ್' ಕೂಡ ಅದೇ ಬೇರಿನದು. ಆ ಬೇರು ಇರುವುದು ಒಂದು ಪುಸ್ತಕದಲ್ಲಿ. ಅಮೆರಿಕದ ಲೇಖಕ ವಾಷಿಂಗ್ಟನ್ ಇರ್ವಿಂಗ್ 1809ರಲ್ಲಿ ಡೀಡ್ರಿಕ್ ನಿಕ್ಕರ್‌ಬಾಕರ್ ಎಂಬ ಸುಳ್ಳು ಹೆಸರಿನಲ್ಲಿ ನ್ಯೂಯಾರ್ಕಿನ ತಮಾಷೆಯ ಚರಿತ್ರೆಯೊಂದನ್ನು ಪ್ರಕಟಿಸಿದ. ಮುಂದೆ ಅದರ ಚಿತ್ರಗಳಲ್ಲಿ ಡಚ್ಚರು ತೊಟ್ಟಿದ್ದ ಮಂಡಿಯುದ್ದದ ಚಲ್ಲಣಕ್ಕೆ ಆ ಹೆಸರೇ ಅಂಟಿತು. ಇಲ್ಲದ ಲೇಖಕನೊಬ್ಬನ ಹೆಸರು ಜಪಾನಿನ ಸಾರುವೆಯನ್ನೂ ಹತ್ತಿತು, ಮಂಡ್ಯದ ಶಾಲೆಯ ಅಂಗಳಕ್ಕೂ ಬಂತು.

ಹಾಗಾದರೆ ಒಂದು ಉಡುಪಿಗೆ ಮರ್ಯಾದೆ, ಇನ್ನೊಂದಕ್ಕೆ ನಗು ಏಕೆ? ವಿಮ್ ವೆಂಡರ್ಸ್ 1989ರಲ್ಲಿ ಜಪಾನಿನ ವಿನ್ಯಾಸಕ ಯೋಜಿ ಯಮಮೊಟೊ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ಯಮಮೊಟೊ ಜರ್ಮನಿಯ ಆಗಸ್ಟ್ ಸ್ಯಾಂಡರ್ ತೆಗೆದ ದುಡಿಯುವವರ ಹಳೆಯ ಫೋಟೋಗಳನ್ನು ತಿರುವುತ್ತಾರೆ. ಮುಖ ಮತ್ತು ಬಟ್ಟೆ ಒಟ್ಟಿಗೇ ಆ ಮನುಷ್ಯನ ಕಸುಬನ್ನು ಹೇಳುತ್ತವೆ ಎಂಬುದು ಅವರಿಗೆ ಬೆರಗು. ಪಟಾಪಟಿ ಚಡ್ಡಿಗೆ ಅಂಥ ಕಣ್ಣು ಸಿಗಲಿಲ್ಲ. ಕೆಸರುಗದ್ದೆಗೆ ಇಳಿಯುವ ಕಾಲಿಗೆ ಮಂಡಿಯಿಂದ ಮೇಲೆಯೇ ಮುಗಿಯುವ ಬಟ್ಟೆ ಬೇಕು, ಬೆವರಿಗೆ ಹತ್ತಿ ಬೇಕು, ಊಟಕ್ಕೆ ಮೊದಲೂ ಆಮೇಲೂ ಒಗ್ಗುವ ಸೊಂಟಕ್ಕೆ ಲಾಡಿ ಬೇಕು. ಇಷ್ಟು ಅಚ್ಚುಕಟ್ಟಾದ ವಿನ್ಯಾಸವನ್ನು ನಮ್ಮ ಸಿನಿಮಾ ನಗಿಸಲು ಬಳಸಿತು. ನಾನು ಓದಿದ ಕಥೆಗಳಲ್ಲಿ ಅದು ಹೆಚ್ಚಾಗಿ ಬಡತನದ ಗುರುತಾಗಿ ಬಂದಿದೆ. ಒಂದು ನಗು, ಇನ್ನೊಂದು ಕನಿಕರ. ಎರಡರಲ್ಲೂ ಬಟ್ಟೆಯನ್ನು ಸರಿಯಾಗಿ ನೋಡಿದ್ದು ಕಡಿಮೆ.

ಜಪಾನಿನವರದೂ ಪೂರ್ತಿ ಪುಣ್ಯದ ಕೆಲಸವೇನಲ್ಲ. ಕೂಲಿಕಾರನ ಆಕಾರವನ್ನು ಕೂಲಿಕಾರ ಕೊಳ್ಳಲಾಗದ ಬೆಲೆಗೆ ಮಾರುವುದೂ ಅದೇ ಫ್ಯಾಷನ್. ಪಟಾಪಟಿ ಚಡ್ಡಿ ನಾಳೆ ಮಾಲಿನ ಗಾಜಿನೊಳಗೆ ನೇತಾಡಲಿ ಎಂಬ ಆಸೆ ನನಗಿಲ್ಲ.

ಆ ಹುಡುಗನಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಜಾಗರ್ ಕೊಳ್ಳಿ, ಆದರೆ ಓದಿ ಕೊಳ್ಳಿ. ಅರ್ಥ ಗೊತ್ತಿಲ್ಲದ ಅಕ್ಷರ ಬೇಡ. ಅಚ್ಚು ಹಾಕಿದ ಲಿಪಿಯಿಂದ ಪ್ಯಾಂಟು ಜಪಾನಿನದಾಗುವುದಿಲ್ಲ, ಕತ್ತರಿಸಿದ ಬಗೆಯಿಂದ ಆಗುತ್ತದೆ. ನಮ್ಮ ಬಿಸಿಲಿಗೆ ದಪ್ಪ ಪಾಲಿಯೆಸ್ಟರ್ ಬೇಡ, ತೆಳು ಹತ್ತಿ ಇರಲಿ. ಹಾಕಿಕೊಂಡು ಕುಕ್ಕರಗಾಲಿನಲ್ಲಿ ಕೂತು ನೋಡಿ. ಮಂಡಿಯಲ್ಲಿ ಹಿಡಿದರೆ ಹಿಂದಿರುಗಿಸಿ. ಕೆಳಗೆ ಸಡಿಲವಿದ್ದರೆ ಮೇಲಿನ ಅಂಗಿ ಸರಳವಾಗಿರಲಿ. ಪಾದದ ಗಂಟಿನ ಬಳಿ ಬಟ್ಟೆ ಗುಪ್ಪೆಯಾಗಿ ಬಿದ್ದರೆ ಕುಳ್ಳಗೆ ಕಾಣುತ್ತೀರಿ.

ಎಲ್ಲ ಕೇಳಿಸಿಕೊಂಡು ಹುಡುಗ, "ಕುಕ್ಕರಗಾಲಲ್ಲಿ ಯಾರಣ್ಣ ಕೂತ್ಕತಾರೆ ಈಗ?" ಎಂದ. ಅವರಪ್ಪ ಜಗಲಿಯ ಮೇಲೆ ಹಾಗೆಯೇ ಕೂತು ಬೀಡಿ ಹಚ್ಚುತ್ತಿದ್ದರು.