ಶಶಾಂಕನಿಗೆ ಎಷ್ಟು ಪಾಯಿಂಟ್ಸ್ ಬಂದಿದ್ದವು?

ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಅಮೆರಿಕಾ ಅಮೆರಿಕಾ’ ಸಿನಿಮಾದ ಮೇಲೆ ತಕರಾರು ತೆಗೆಯೋದು ನನ್ನ ವಯಸ್ಸಿನವರಿಗೆ ಸುಲಭ ಅಲ್ಲ. 1997ರಲ್ಲಿ ಅದು ಬಂದಾಗ ನಾನು ತಿಪಟೂರಿನಲ್ಲಿ ಹೈಸ್ಕೂಲು ಓದ್ತಿದ್ದೆ. ನಮಗೆ ಅದು ಸಿನಿಮಾಕ್ಕಿಂತ ಹೆಚ್ಚಾಗಿ ಕ್ಯಾಸೆಟ್ ಆಗಿತ್ತು. ಮನೋಮೂರ್ತಿಯವರ ಸಂಗೀತ, ಗೋಪಾಲಕೃಷ್ಣ ಅಡಿಗರ ‘ಮೋಹನ ಮುರಳಿ’, ರಾಜು ಅನಂತಸ್ವಾಮಿಯವರ ದನಿ. ಮದುವೆ ಮನೆ, ಕಾಲೇಜ್ ಡೇ, ತಿರುಪತಿ ಟೂರಿನ ಬಸ್ಸು, ಎಲ್ಲ ಕಡೆ ಅದೇ. ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ಇವತ್ತಿಗೂ ಯಾರಾದರೂ ವಿದೇಶಕ್ಕೆ ಹೋಗೋ ಮಾತೆತ್ತಿದರೆ ಕನ್ನಡಿಗರ ತಲೆಯಲ್ಲಿ ಮೊದಲು ಓಡೋದು ಈ ಸಿನಿಮಾನೇ. ನನ್ನ ತಕರಾರು ಇರೋದೂ ಅಲ್ಲೇ.

ತಕರಾರಿಗೆ ಈಗ ಒಂದು ತುರ್ತೂ ಇದೆ. ನನ್ನ ಹೆಂಡತಿಯ ಕಂಪನಿಯವರು ಟೊರೊಂಟೊ ಆಫೀಸಿಗೆ ಬರ್ತೀರಾ ಅಂತ ಅವಳನ್ನು ಕೇಳಿದ್ದಾರೆ. ಈ ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು. ನಾವಿರೋದು ಹೂಡಿಯಲ್ಲಿ, ಗ್ರಾಫೈಟ್ ಇಂಡಿಯಾ ಸಿಗ್ನಲ್ಲಿಗೆ ಹತ್ತಿರ. ಮಗಳು ನಾಲ್ಕನೇ ಕ್ಲಾಸು. ಅಪ್ಪ ಊರಲ್ಲಿ, ಎಪ್ಪತ್ನಾಲ್ಕು ವಯಸ್ಸು, ಮೂರು ಎಕರೆ ತೆಂಗಿನ ತೋಟ. ಇಂಥ ಹೊತ್ತಲ್ಲಿ ನೆಂಟರು, ಸ್ನೇಹಿತರು ಎಲ್ಲರೂ ಸಲಹೆ ಕೊಡ್ತಾರಲ್ಲ, ಅವರ ಮಾತನ್ನು ಗಮನವಿಟ್ಟು ಕೇಳಿದರೆ ಅರ್ಧಕ್ಕರ್ಧ ಆ ಸಿನಿಮಾದ ಡೈಲಾಗಿನ ಹಾಗೇ ಇರುತ್ತೆ. ಮಣ್ಣು, ತಾಯಿ, ದುಡ್ಡು, ಯಂತ್ರದಂಥ ಬದುಕು. ಅದಕ್ಕೇ ಹೋದ ವಾರ ಎರಡು ರಾತ್ರಿ ಕೂತು ಸಿನಿಮಾನ ಮತ್ತೆ ನೋಡಿದೆ.

ಕಥೆ ನಿಮಗೆ ಗೊತ್ತೇ ಇರುತ್ತೆ. ಸೂರ್ಯ, ಶಶಾಂಕ, ಭೂಮಿಕಾ ಮೂವರು ಗೆಳೆಯರು. ಶಶಾಂಕ (ಅಕ್ಷಯ್ ಆನಂದ್) ಅಮೆರಿಕಕ್ಕೆ ಹೋಗ್ತಾನೆ, ಸೂರ್ಯ (ರಮೇಶ್) ಇಲ್ಲೇ ಉಳೀತಾನೆ. ಹೇಳದೇ ಉಳಿದ ಪ್ರೀತಿ ಒಂದು ಕಡೆ. ಭೂಮಿಕಾ (ಹೇಮಾ) ಶಶಾಂಕನನ್ನು ಮದುವೆಯಾಗಿ ಅಮೆರಿಕಕ್ಕೆ ಹೋಗ್ತಾಳೆ. ಅಲ್ಲಿ ಸಂಸಾರ ಹಳಸುತ್ತೆ, ಕೊನೆಗೆ ಶಶಾಂಕ ಸಾಯ್ತಾನೆ. ಸಾವು ಬಂದ ಮೇಲೆ ಚರ್ಚೆಗೆ ಜಾಗ ಎಲ್ಲಿ? ಹೋದವನು ಸತ್ತ, ಉಳಿದವನು ಗೆದ್ದ.

ನಾನು ಹುಡುಕ್ತಿದ್ದದ್ದು ಒಂದೇ ಒಂದು ದೃಶ್ಯ. ಶಶಾಂಕ ಹೋಗಬೇಕೋ ಬೇಡವೋ ಅಂತ ತೀರ್ಮಾನ ಮಾಡೋ ದೃಶ್ಯ. ಅವನಿಗೆ ಆಸೆ ಇದೆ ಅನ್ನೋದನ್ನು ಸಿನಿಮಾ ತೋರಿಸುತ್ತೆ, ಆಮೇಲೆ ಅವನು ಹೋಗಿದ್ದಾನೆ ಅನ್ನೋದನ್ನು ತೋರಿಸುತ್ತೆ. ನಡುವೆ ಇರಬೇಕಾದ ಆ ಮೂರು ತಿಂಗಳು, ಆರು ತಿಂಗಳು, ನಿದ್ದೆ ಬಾರದ ರಾತ್ರಿಗಳ ಲೆಕ್ಕಾಚಾರ ಎಲ್ಲೂ ಇಲ್ಲ. ಆಸೆ ಇದ್ದವನು ಹೋದ, ಅಭಿಮಾನ ಇದ್ದವನು ಉಳಿದ. ಹೋಗೋದು ಉಳಿಯೋದು ಗುಣಕ್ಕೆ ಸಂಬಂಧಪಟ್ಟಿದ್ದು ಅನ್ನೋ ಹಾಗೆ.

ಆದರೆ ಅಮೆರಿಕಕ್ಕೆ ಹೋಗೋದು ಯಾವತ್ತಾದರೂ ಗುಣದಿಂದ ತೀರ್ಮಾನ ಆಗಿದೆಯಾ? ಸಿನಿಮಾ ಬಂದ ವರ್ಷ ಎಚ್-1ಬಿ ವೀಸಾದ ಮಿತಿ ವರ್ಷಕ್ಕೆ 65 ಸಾವಿರ. ಮರುವರ್ಷ, 1998ರಲ್ಲಿ, ಅಮೆರಿಕದ ಸಂಸತ್ತು ಕಾನೂನು ಮಾಡಿ ಅದನ್ನು 1 ಲಕ್ಷದ 15 ಸಾವಿರಕ್ಕೆ ಏರಿಸಿತು. ವೈಟೂಕೆ ಕೆಲಸ ಬಾಯ್ಬಿಟ್ಟು ಕರೀತಿತ್ತು. ಆಗ ಹೋದವರಲ್ಲಿ ಎಷ್ಟೋ ಜನ ಶಶಾಂಕರೂ ಅಲ್ಲ, ಸೂರ್ಯರೂ ಅಲ್ಲ. ಬಾಗಿಲು ತೆಗೆದಿತ್ತು, ಹೋದರು, ಅಷ್ಟೇ. ಈಗ 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಆದೇಶ ಬಂದ ವಾರ, ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಿಕ್ಕಿದ ನಾಲ್ಕು ಹುಡುಗರು ಒಂದೇ ರಾತ್ರೀಲಿ ದೇಶಭಕ್ತರಾಗಿಬಿಟ್ಟಿದ್ದರು. ತಮಾಷೆಗೆ ಹೇಳ್ತಿಲ್ಲ, ಅವರ ಮುಖದಲ್ಲಿ ನಿಜವಾಗಿಯೂ ಒಂದು ನಿರಾಳ ಇತ್ತು.

ಕೆನಡಾದ್ದು ಇನ್ನೂ ನೇರ. 2015ರಿಂದ ‘ಎಕ್ಸ್‌ಪ್ರೆಸ್ ಎಂಟ್ರಿ’ ಅಂತ ಒಂದು ವ್ಯವಸ್ಥೆ ಇದೆ. ಓದು, ಇಂಗ್ಲಿಷು, ಅನುಭವ, ವಯಸ್ಸು ಎಲ್ಲಕ್ಕೂ ಪಾಯಿಂಟ್ಸು. ಗಂಡಹೆಂಡತಿ ಒಟ್ಟಿಗೆ ಅರ್ಜಿ ಹಾಕಿದರೆ ಇಪ್ಪತ್ತರಿಂದ ಇಪ್ಪತ್ತೊಂಬತ್ತರವರೆಗೆ ವಯಸ್ಸಿಗೇ 100 ಪಾಯಿಂಟ್ಸ್. ಆಮೇಲೆ ವರ್ಷ ವರ್ಷ ಇಳೀತಾ ಹೋಗಿ ನಲವತ್ತೈದಕ್ಕೆ ಸೊನ್ನೆ. ನನಗೆ ನಲವತ್ತೆರಡು, ಅಂದರೆ 25. ಅವಳಿಗೆ ಮೂವತ್ತೇಳು, ಅವಳದು 60. ಆದ್ದರಿಂದ ನಮ್ಮ ಮನೆಯಲ್ಲಿ ಮುಖ್ಯ ಅರ್ಜಿದಾರಳು ಅವಳು. ನಾನು ‘ಜೊತೆಗೆ ಬರುವ ಸಂಗಾತಿ’.

ಇದು ಸಿನಿಮಾದ ಎರಡನೇ ತೊಂದರೆಗೆ ಬರುತ್ತೆ. ಹೆಸರುಗಳನ್ನು ನೋಡಿ: ಸೂರ್ಯ, ಚಂದ್ರ, ಭೂಮಿ. ಸ್ಕೂಲಿನ ಭೂಗೋಳದ ಚಾರ್ಟು. ಹೆಸರಿಟ್ಟಾಗಲೇ ಅವಳ ಕೆಲಸ ನಿರ್ಧಾರ ಆಗಿದೆ, ಯಾರಾದರೊಬ್ಬರ ಸುತ್ತ ಸುತ್ತಬೇಕು ಅಥವಾ ಯಾರಾದರೂ ಅವಳ ಸುತ್ತ ಸುತ್ತಬೇಕು. ಭೂಮಿಕಾ ಏನು ಓದಿದ್ದಾಳೆ, ಅಮೆರಿಕದಲ್ಲಿ ಅವಳು ಏನು ಆಗಬಹುದಿತ್ತು, ಈ ಪ್ರಶ್ನೆಗಳಿಗೆ ಕಥೆಯಲ್ಲಿ ಭಾರವೇ ಇಲ್ಲ. ಹೇಮಾ ಪಂಚಮುಖಿ ಚೆನ್ನಾಗಿ ಮಾಡಿದ್ದಾರೆ, ಆ ಕಣ್ಣಲ್ಲಿ ಇರೋ ಒಂಟಿತನ ಸುಳ್ಳಲ್ಲ. ಆದರೆ ಚಿತ್ರಕಥೆ ಆ ಒಂಟಿತನವನ್ನು ಇಡೀ ಅಮೆರಿಕದ ಮೇಲೆ ಕೇಸು ಹಾಕೋದಕ್ಕೆ ಸಾಕ್ಷಿಯಾಗಿ ಬಳಸಿಕೊಳ್ಳುತ್ತೆ. ಗಂಡ ಮನೇಲಿ ಮಾತಾಡೋದಿಲ್ಲ ಅನ್ನೋದು ಅಮೆರಿಕದ ತಪ್ಪಾ? ಹೂಡಿಯಲ್ಲಿ ಹದಿನಾಲ್ಕನೇ ಮಹಡಿಯಲ್ಲಿ ಅಂಥ ಗಂಡಂದಿರು ಬೇಕಾದಷ್ಟು ಸಿಗ್ತಾರೆ.

ಸಿನಿಮಾ ಒಂದನ್ನೇ ಯಾಕೆ ಬೈಬೇಕು, ಬಿಡಿ. ನಮ್ಮ ಸಾಹಿತ್ಯಾನೂ ಈ ತೀರ್ಮಾನದ ಘಳಿಗೆಯನ್ನು ಹಾರಿಸಿಕೊಂಡೇ ಬಂದಿದೆ. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ (1968) ಕಾದಂಬರಿಯ ಕಾಳಿಂಗ ಅಮೆರಿಕದಲ್ಲಿ ಕೃಷಿ ಕಲಿತು ವಾಪಸು ಬರ್ತಾನೆ, ಅಲ್ಲಿಯ ಹೆಂಡತಿ ಹಿಲ್ಡಾಳೂ ಬರ್ತಾಳೆ. ಜಗಳ ಶುರುವಾಗೋದು ಬಂದ ಮೇಲೆ. ಬಿ.ಜಿ.ಎಲ್. ಸ್ವಾಮಿಯವರ ‘ಅಮೆರಿಕದಲ್ಲಿ ನಾನು’, ಗೊರೂರರ ‘ಅಮೆರಿಕದಲ್ಲಿ ಗೊರೂರು’ ಎರಡೂ ಸೊಗಸಾದ ಪುಸ್ತಕಗಳು, ಗೊರೂರರದ್ದಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಆದರೆ ಇಬ್ಬರೂ ಹೋಗಿ ಬಂದವರು. ವಾಪಸು ಟಿಕೆಟ್ ಜೇಬಲ್ಲಿ ಇದ್ದಾಗ ಕಾಣೋ ದೇಶವೇ ಬೇರೆ.

ನನಗೆ ಈಗ ಬೇಕಾಗಿರೋದಕ್ಕೆ ಹತ್ತಿರ ಬರೋದು, ಆಶ್ಚರ್ಯ ಅನ್ನಿಸಬಹುದು, ವಿಮಾನವೇ ಇಲ್ಲದ ಒಂದು ಕಾದಂಬರಿ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’. 1940ರ ದಶಕದ ಶುರುವಿನಲ್ಲಿ ಬಂದದ್ದು. ಹೆಸರು ಕೇಳಿದರೆ ‘ಅಮೆರಿಕಾ ಅಮೆರಿಕಾ’ದ ಅಪ್ಪನ ಹಾಗಿದೆ. ಒಳಗೆ ಬೇರೆಯೇ ಇದೆ. ಕೋಡಿ ಅನ್ನೋ ಕಡಲ ಕರೆಯ ಊರು, ಮೂರು ತಲೆಮಾರು. ಊರು ಬಿಡೋ ಯೋಚನೆ ಆ ಮನೆಯೊಳಗೆ ಹೇಗೆ ಬರುತ್ತೆ ನೋಡಿ: ಆದರ್ಶದಿಂದ ಅಲ್ಲ, ಪಕ್ಕದ ಮನೆಯಿಂದ. ಶೀನಮಯ್ಯನ ಕಡೆಗೆ ಬೆಂಗಳೂರಿನ ಹೋಟೆಲ್ ದುಡ್ಡು ಹರಿಯೋಕೆ ಶುರುವಾದಾಗ ರಾಮ ಐತಾಳರ ಹೊಟ್ಟೆಯೊಳಗೆ ಏನಾಗುತ್ತೆ ಅನ್ನೋದನ್ನು ಕಾರಂತರು ಮುಜುಗರ ಇಲ್ಲದೆ ಬರೀತಾರೆ. ಮಗ ಲಚ್ಚನನ್ನು ಇಂಗ್ಲಿಷು ಓದಿಸೋ ಹಟದಲ್ಲಿ ವಿದ್ಯಾಪ್ರೇಮ ಎಷ್ಟು, ನೆರೆಮನೆ ಎಷ್ಟು ಅಂತ ಬಿಡಿಸಿ ನೋಡೋದು ಕಷ್ಟ. ಲಚ್ಚ ಓದಿ ಕೆಡ್ತಾನೆ, ಆಸ್ತಿ ಕರಗಿಸ್ತಾನೆ. ಮೊಮ್ಮಗ ರಾಮ ಮದರಾಸು, ಮುಂಬಯಿ ಅಂತ ಅಲೆದು ಕೊನೆಗೆ ಊರಿಗೆ ಬರ್ತಾನೆ. ಆದರೆ ಬರೋವಾಗ ಹಿನ್ನೆಲೆ ಸಂಗೀತ ಇಲ್ಲ. ಪಟ್ಟಣದಲ್ಲಿ ಹೊಟ್ಟೆಪಾಡು ನಡೀಲಿಲ್ಲ, ಇಲ್ಲಿ ತಾಯಿ ಇದ್ದಾಳೆ, ಮಣ್ಣಿದೆ, ದುಡಿದರೆ ಆದೀತು ಅನ್ನೋ ಹಂತಕ್ಕೆ ಅವನು ನಿಧಾನವಾಗಿ ಬರ್ತಾನೆ.

ಅದಕ್ಕಿಂತ ದೊಡ್ಡದು, ಆ ಮಣ್ಣು ಅವನಿಗಾಗಿ ಯಾಕೆ ಉಳಿದಿತ್ತು ಅನ್ನೋದು ಕಾದಂಬರಿಗೆ ಗೊತ್ತು. ಗಂಡಸರು ಓದಿಗೆ, ಶೋಕಿಗೆ, ಊರೂರಿಗೆ ಹೋದಾಗ ಪಾರೋತಿ, ಸರಸೋತಿ, ಆಮೇಲೆ ನಾಗವೇಣಿ ಆ ಮನೆಯನ್ನು ಹೊತ್ತಿದ್ದಾರೆ. ಅವರನ್ನು ‘ಹೋಗ್ತೀಯಾ, ಉಳೀತೀಯಾ’ ಅಂತ ಯಾರೂ ಕೇಳಲಿಲ್ಲ. ಕಾರಂತರು ಕನಿಷ್ಠ ಅದನ್ನು ಕಂಡಿದ್ದಾರೆ, ಪುಟಗಟ್ಟಲೆ ಅವರ ಕೆಲಸವನ್ನೇ ಬರೆದಿದ್ದಾರೆ. ನಾಗತಿಹಳ್ಳಿಯವರ ಸಿನಿಮಾದಲ್ಲಿ ಸೂರ್ಯ ಉಳಿದ ದೇಶ ಇದೆಯಲ್ಲ, ಅದನ್ನು ಯಾರು ಗುಡಿಸಿದರು, ಯಾರು ಬೇಯಿಸಿದರು, ವಯಸ್ಸಾದವರನ್ನು ಯಾರು ಆಸ್ಪತ್ರೆಗೆ ಕರಕೊಂಡು ಹೋದರು ಅಂತ ಕೇಳಿದರೆ ಉತ್ತರ ಸಿಗಲ್ಲ.

ಇನ್ನೊಂದು ವಿಷಯ. ‘ಇಲ್ಲಿ’ ಅಂದರೆ ಎಲ್ಲಿ? ಸಿನಿಮಾದಲ್ಲಿ ಇಲ್ಲಿ ಅನ್ನೋದು ಒಡೆಯದ, ಪೂರ್ತಿ ನಮ್ಮದಾದ ಒಂದು ಜಾಗ. ನಾನು ತಿಪಟೂರು ಬಿಟ್ಟು ಬಂದೇ ಇಪ್ಪತ್ತು ವರ್ಷ ಆಯ್ತು. ಹೂಡಿಯಿಂದ ಮೆಟ್ರೋ ಹತ್ತಿ ಮೆಜೆಸ್ಟಿಕ್, ಅಲ್ಲಿಂದ ರೈಲು, ಆಮೇಲೆ ಆಟೋ. 2023ರಲ್ಲಿ ನೇರಳೆ ಮಾರ್ಗ ಪೂರ್ತಿ ಆಗೋವರೆಗೆ ಇಲ್ಲಿಂದ ಮೆಜೆಸ್ಟಿಕ್ ಮುಟ್ಟೋದೇ ಒಂದು ವಿದೇಶ ಪ್ರಯಾಣ. ನಮ್ಮ ಗೇಟಿನ ಸೆಕ್ಯುರಿಟಿ ಹುಡುಗ ಅಸ್ಸಾಮಿನವನು, ಮನೆಗೆ ವರ್ಷಕ್ಕೊಂದು ಸಲ ಹೋಗ್ತಾನೆ, ನಮ್ಮ ಕಂಪನಿಯ ಅಮೆರಿಕದ ಹುಡುಗರೂ ಅಷ್ಟೇ ಸಲ ಬರೋದು. ಇನ್ನು ಹೂಡಿಯ ಮೂಲದವರು, ಹೊಲ ಇದ್ದವರು, ಒಂದು ಹೆಜ್ಜೆಯೂ ಆಚೆ ಇಡದೆ ಪರಊರಿನಲ್ಲಿ ಇದ್ದಾರೆ. ಊರೇ ಅವರ ಕಾಲಡಿಯಿಂದ ವಲಸೆ ಹೋಯ್ತು. ಇವರಲ್ಲಿ ಸೂರ್ಯ ಯಾರು?

ಹೂಡಿಯಲ್ಲಿ ಈ ವಿಷಯದ ಬಗ್ಗೆ ದಿನಾ ಬರವಣಿಗೆ ನಡೀತಿದೆ, ನಾವು ಅದನ್ನು ಸಾಹಿತ್ಯ ಅಂತ ಕರೆಯೋದಿಲ್ಲ ಅಷ್ಟೇ. ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ಬರೋ ‘ದೇಶ ಬಿಡ್ತಿದ್ದೇವೆ, ಸಾಮಾನು ಮಾರಾಟಕ್ಕಿದೆ’ ಪಟ್ಟಿಗಳು. ಎರಡು ವರ್ಷದಿಂದ ನಾನು ಅವನ್ನು ಗಮನಿಸ್ತಿದ್ದೀನಿ. ಮೊದಲ ದಿನ ಸೋಫಾ, ವಾಷಿಂಗ್ ಮೆಷಿನ್ನು, ಇನ್ವರ್ಟರ್. ಬೆಲೆ ಬಿಗಿ, ಚೌಕಾಸಿ ಇಲ್ಲ. ಹತ್ತು ದಿನ ಆದ ಮೇಲೆ ಅರ್ಧ ಬೆಲೆ. ಆಮೇಲೆ ಮಕ್ಕಳ ಸೈಕಲ್ಲು, ಅದರ ಫೋಟೋದಲ್ಲಿ ಹಿಂದೆ ಮಗು ನಿಂತಿರುತ್ತೆ. ಕೊನೇ ವಾರ ಗಿಡದ ಕುಂಡಗಳು, ಉಚಿತ, ‘ನೀರು ಹಾಕೋರಿಗೆ ಮಾತ್ರ’. ಇಡ್ಲಿ ಪಾತ್ರೆ, ಒರಳು, ದೇವರ ಮಂಟಪ ಇವು ಪಟ್ಟಿಯಲ್ಲಿ ಬರೋದೇ ಇಲ್ಲ. ಅವು ಎಲ್ಲಿಗೆ ಹೋಗ್ತವೆ? ಅಮ್ಮನ ಮನೆಗಾ, ಕಂಟೇನರಿಗಾ? ಒಂದು ಮನೆ ಯಾವ ಕ್ರಮದಲ್ಲಿ ಬಿಚ್ಚಿಕೊಳ್ಳುತ್ತೆ ಅನ್ನೋದನ್ನು ಈ ಪಟ್ಟಿಗಳಷ್ಟು ನಿಜವಾಗಿ ಹೇಳಿದ ಕನ್ನಡ ಕಥೆಯನ್ನು ನಾನಿನ್ನೂ ಓದಿಲ್ಲ.

2022ರಲ್ಲಿ 2,25,620 ಜನ ಭಾರತದ ಪೌರತ್ವ ಬಿಟ್ಟರು ಅಂತ ಸರ್ಕಾರವೇ ಸಂಸತ್ತಿನಲ್ಲಿ ಹೇಳಿದೆ. ನಮ್ಮ ಕಾನೂನಿನಲ್ಲಿ ಎರಡು ಪೌರತ್ವ ಇಲ್ಲ, ಬೇರೆ ದೇಶದ್ದು ತಗೊಂಡರೆ ಇಲ್ಲಿನದು ಹೋಯ್ತು. ಇಷ್ಟು ಜನರನ್ನು ದುಡ್ಡಿಗೆ ಮಾರಿಕೊಂಡ ಶಶಾಂಕರು ಅಂತ ಒಂದೇ ಸಾಲಿನಲ್ಲಿ ನಿಲ್ಲಿಸೋದು ಸೋಮಾರಿ ವಿಮರ್ಶೆ. ಹಾಗೇ, ಅವರೆಲ್ಲ ಮಕ್ಕಳ ಭವಿಷ್ಯಕ್ಕಾಗಿ ತ್ಯಾಗ ಮಾಡಿದರು ಅನ್ನೋದೂ ಅಷ್ಟೇ ಸೋಮಾರಿ. ಮಗಳನ್ನು ಕೇಳಿದೆವು. ಅವಳಿಗೆ ಹಿಮ ಬೇಕು, ಅಜ್ಜನ ತೋಟ ಬೇಕು, ಅವಳ ಫ್ರೆಂಡು ಬೇಕು. ಮೂರಕ್ಕೂ ಒಂದೇ ತೂಕ.

ಸಿನಿಮಾಕ್ಕೆ ಒಂದು ನ್ಯಾಯ ಸಲ್ಲಿಸಲೇಬೇಕು. ಅಡಿಗರ ಕವಿತೆಯನ್ನು ಅಲ್ಲಿ ತಂದಿಟ್ಟದ್ದು ಸುಮ್ಮನೆ ಅಲ್ಲ. ಅದು ಅಮೆರಿಕದ ಕವಿತೆ ಅಲ್ಲ, ವೀಸಾದ ಕವಿತೆ ಅಲ್ಲ. ಇರೋದರಲ್ಲಿ ತೃಪ್ತಿ ಇಲ್ಲದ, ಯಾಕೆ ಅಂತ ಹೇಳೋಕೆ ಬಾರದ ಒಂದು ಎಳೆತ ಅದರಲ್ಲಿದೆ. ಆ ಹಾಡು ಬಂದಾಗ ಸಿನಿಮಾ ತನ್ನ ವಾದವನ್ನು ಮರೆಯುತ್ತೆ. ಆ ಐದು ನಿಮಿಷ ಹೋದವನೂ ಉಳಿದವನೂ ಒಂದೇ. ಸಂಗೀತ ಕೊಟ್ಟ ಮನೋಮೂರ್ತಿ ಸ್ವತಃ ಅಮೆರಿಕದಲ್ಲಿ ನೆಲೆಸಿದವರು, ಸಾಫ್ಟ್‌ವೇರ್ ಉದ್ಯಮದವರು. ವಾಪಸು ಬನ್ನಿ ಅನ್ನೋ ಸಿನಿಮಾಕ್ಕೆ ಹೋದವರೊಬ್ಬರು ರಾಗ ಹಾಕಿದ್ದಾರೆ. ಚಿತ್ರಕಥೆಗೆ ತಿಳಿಯದ ಏನೋ ಆ ರಾಗಕ್ಕೆ ತಿಳಿದಿದೆ ಅಂತ ನನಗೆ ಅನ್ನಿಸೋದು ಇದಕ್ಕೇ ಇರಬೇಕು.

ಈಗ ಯಾರಾದರೂ ಈ ಸಿನಿಮಾನ ಮತ್ತೆ ಮಾಡೋದಾದರೆ ಏರ್‌ಪೋರ್ಟು ಬೇಡ, ಗೋಲ್ಡನ್ ಗೇಟ್ ಸೇತುವೆ ಬೇಡ. ಒಂದು ಅಡುಗೆಮನೆ ಸಾಕು. ರಾತ್ರಿ ಹನ್ನೊಂದು. ನೋಟುಬುಕ್ಕಿನಲ್ಲಿ ಎರಡು ಕಾಲಂ. ಎಡಗಡೆ ಹೋಮ್ ಲೋನು ಬಾಕಿ, ಅಲ್ಲಿನ ಬಾಡಿಗೆ, ನನಗೆ ಅಲ್ಲಿ ಕೆಲಸ ಸಿಗೋವರೆಗಿನ ತಿಂಗಳುಗಳು. ಬಲಗಡೆ ಅಪ್ಪನ ಮಂಡಿ, ಅಪ್ಪನ ಬಿಪಿ, ತೋಟಕ್ಕೆ ನೀರು ಬಿಡೋದು ಯಾರು. ಕೆನಡಾದಲ್ಲಿ ‘ಸೂಪರ್ ವೀಸಾ’ ಅಂತ ಇದೆ, ಅಪ್ಪ ಅಮ್ಮ ಒಂದು ಸಲಕ್ಕೆ ಐದು ವರ್ಷದವರೆಗೆ ಬಂದಿರಬಹುದು. ಅದನ್ನು ಫೋನಿನಲ್ಲಿ ಹೇಳಿದಾಗ ಅಪ್ಪ, “ಐದು ವರ್ಷ ತೋಟ ಯಾರ್ ನೋಡ್ಕತಾರಪ್ಪ?” ಅಂದರು. ಆಮೇಲೆ ಅವರೇ, “ನನ್ ಸಲುವಾಗಿ ನಿಲ್ಲಬ್ಯಾಡಿ, ಆಮೇಲೆ ನನ್ ಮ್ಯಾಲೆ ಹೇಳ್‌ಬ್ಯಾಡಿ” ಅಂದರು. ಯಾವ ಕಾಲಮ್ಮಿಗೆ ಇದನ್ನು ಬರೆಯೋದು ಅಂತ ನನಗೆ ಗೊತ್ತಾಗಲಿಲ್ಲ. ಅವಳು ಪೆನ್ನು ಇಸಕೊಂಡು ಎರಡೂ ಕಾಲಮ್ಮಿನ ನಡುವಿನ ಗೆರೆಯ ಮೇಲೆ ಬರೆದಳು. ಇದನ್ನೆಲ್ಲ ನಾನು ಟೈಪ್ ಮಾಡ್ತಿರೋದು ನೋಡಿ, “ರೀ, ಸಿನಿಮಾ ವಿಮರ್ಶೆ ಆಮೇಲೆ ಬರೀಬಹುದು, ಇಂಗ್ಲಿಷ್ ಟೆಸ್ಟಿಗೆ ಡೇಟ್ ಬುಕ್ ಮಾಡಿದ್ರಾ ಇಲ್ವಾ?” ಅಂತ ಕೇಳ್ತಿದ್ದಾಳೆ.