ಒಳ್ಳೆಯವಳಿಗೆ ಕೆಲಸವೇ ಇಲ್ಲ

ಕನ್ನಡದ ದೈನಿಕ ಧಾರಾವಾಹಿಗಳನ್ನು ಸಾಲಾಗಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕಥೆಯನ್ನು ಮುಂದಕ್ಕೆ ನಡೆಸುವವರು ಬಹುಪಾಲು ಕೆಟ್ಟವರು. ಹಾಲಿನಲ್ಲಿ ಏನೋ ಬೆರೆಸುವುದು, ಆಸ್ತಿಪತ್ರಕ್ಕೆ ಮೋಸದಿಂದ ಸಹಿ ಹಾಕಿಸಿಕೊಳ್ಳುವುದು, ಗೊತ್ತಾದ ಮದುವೆ ಮುರಿಯುವುದು, ಹೀಗೆ ನಿರ್ಧಾರಗಳೆಲ್ಲ ಚಿಕ್ಕಮ್ಮನದೋ ನಾದಿನಿಯದೋ ಆಗಿರುತ್ತವೆ. ನಾಯಕಿಯ ಪಾಲಿಗೆ ಉಳಿಯುವುದು ಸಹನೆ ಮತ್ತು ಕಣ್ಣೀರು. ಅವಳಿಂದ ಒಂದು ತಪ್ಪೂ ಆಗದಂತೆ ಬರಹಗಾರರು ಕಾಯುತ್ತಾರೆ. ಆ ಕಾವಲಿನಲ್ಲಿ ಅವಳು ಏನನ್ನಾದರೂ ಮಾಡುವ ಅವಕಾಶವೂ ಕಳೆದುಹೋಗುತ್ತದೆ. ಆದರ್ಶ ಪಾತ್ರಗಳ ಬಗ್ಗೆ ನನ್ನ ತಕರಾರು ಇದೇ.

ಒಳ್ಳೆಯತನ ತೆರೆಯ ಮೇಲೆ ಸಪ್ಪೆಯಾಗಲೇಬೇಕೆಂದೇನೂ ಇಲ್ಲ. ಎಸ್.ಎಲ್. ಭೈರಪ್ಪನವರ 'ಗೃಹಭಂಗ'ವನ್ನು ಗಿರೀಶ ಕಾಸರವಳ್ಳಿ ಈಟಿವಿ ಕನ್ನಡಕ್ಕೆ ಧಾರಾವಾಹಿಯಾಗಿ ತಂದರು. ಅಲ್ಲಿನ ನಂಜಮ್ಮ ಒಳ್ಳೆಯವಳೇ. ಆದರೆ ಗಂಡ ಚೆನ್ನಿಗರಾಯನಿಗೆ ಶಾನುಭೋಗಿಕೆಯ ಲೆಕ್ಕ ಕೂಡಿಬರದಿದ್ದಾಗ ಅದನ್ನು ತಾನೇ ಕಲಿತು ಬರೆಯುತ್ತಾಳೆ, ಸಂಸಾರದ ನೊಗಕ್ಕೆ ಹೆಗಲು ಕೊಡುತ್ತಾಳೆ. ಅತ್ತೆ ಗಂಗಮ್ಮ ಬಾಯಿಬಡುಕಿ, ಅವಿವೇಕಿ, ಸಂಚುಗಾರ್ತಿಯಲ್ಲ. ಅನರ್ಥಗಳು ಹುಟ್ಟುವುದು ಬಡತನದಿಂದ, ಸೋಮಾರಿತನದಿಂದ, ಪ್ಲೇಗಿನಿಂದ. ಒಳ್ಳೆಯತನಕ್ಕೆ ಕೊನೆಯ ಕಂತಿನಲ್ಲಿ ಬಹುಮಾನ ಸಿಗುವುದೂ ಇಲ್ಲ. ನಂಜಮ್ಮನನ್ನು ನಾವು ಪೂಜಿಸುವುದಿಲ್ಲ, ಅವಳ ಜೊತೆ ಬದುಕುತ್ತೇವೆ.

ಇನ್ನೊಂದು ತುದಿಯಲ್ಲಿ ಅಮೆರಿಕದ 'ಬ್ರೇಕಿಂಗ್ ಬ್ಯಾಡ್' ಇದೆ. ವಿನ್ಸ್ ಗಿಲಿಗನ್ ರೂಪಿಸಿದ ಈ ಸರಣಿ 2008ರಿಂದ 2013ರವರೆಗೆ ಪ್ರಸಾರವಾಯಿತು. ಕ್ಯಾನ್ಸರ್ ತಗುಲಿದ ರಸಾಯನಶಾಸ್ತ್ರದ ಮೇಷ್ಟ್ರು ವಾಲ್ಟರ್ ವೈಟ್ ಮಾದಕವಸ್ತು ತಯಾರಿಕೆಗೆ ಇಳಿಯುತ್ತಾನೆ. ಕಷ್ಟ ಅವನನ್ನು ಕೆಡಿಸಿತು ಎಂದು ಕನಿಕರಪಡಲು ಸರಣಿ ನಮ್ಮನ್ನು ಹೆಚ್ಚು ಹೊತ್ತು ಬಿಡುವುದಿಲ್ಲ. ಚಿಕಿತ್ಸೆಯ ಖರ್ಚು ಭರಿಸಲು ಹಳೆಯ ಗೆಳೆಯ ಮುಂದೆ ಬಂದಾಗ ವಾಲ್ಟರ್ ಬೇಡವೆನ್ನುತ್ತಾನೆ. ಆ ಕ್ಷಣದಿಂದ ಕಥೆ ಬಡತನದ್ದಾಗಿ ಉಳಿಯದೆ ಅಹಂಕಾರದ್ದಾಗುತ್ತದೆ. ಮುಂದೆ ಒಬ್ಬ ಹುಡುಗಿ ಕಣ್ಣೆದುರೇ ಉಸಿರುಗಟ್ಟಿ ಸಾಯುವಾಗ ಅವನು ಸುಮ್ಮನೆ ನಿಂತು ನೋಡುತ್ತಾನೆ. ಪ್ರತಿ ತಪ್ಪಿಗೂ ಕಾರಣವಿದೆ, ಬೆಲೆಯಿದೆ. ಬೆಲೆ ತೆರುವವರಲ್ಲಿ ಅವನ ಮನೆಯವರೂ ಇದ್ದಾರೆ.

ಹಾಗೆಂದು ದೋಷವುಳ್ಳ ಪಾತ್ರ ಬರೆದರೆ ಸಾಕು, ನೋಡುಗರು ವಿವೇಕದಿಂದ ನೋಡುತ್ತಾರೆ ಎನ್ನುವಂತಿಲ್ಲ. ವಾಲ್ಟರ್‌ನನ್ನು ತಡೆಯಲು ಹೊರಟ ಹೆಂಡತಿ ಸ್ಕೈಲರ್‌ಳನ್ನು ಅದೆಷ್ಟೋ ಪ್ರೇಕ್ಷಕರು ದ್ವೇಷಿಸಿದರು. ಆ ಪಾತ್ರ ವಹಿಸಿದ ಆನಾ ಗನ್ 2013ರಲ್ಲಿ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಈ ದ್ವೇಷದ ಬಗ್ಗೆಯೇ ಲೇಖನ ಬರೆಯಬೇಕಾಯಿತು. ನಮ್ಮ ದೂರದರ್ಶನವೂ ಇಂಥದ್ದನ್ನು ಕಂಡಿದೆ. 1984ರಲ್ಲಿ ಆರಂಭವಾದ 'ಹಮ್ ಲೋಗ್' ಸಮಾಜಕ್ಕೆ ತಿಳಿವಳಿಕೆ ಕೊಡಲೆಂದೇ ಮೆಕ್ಸಿಕೊದ ಮಾದರಿಯಲ್ಲಿ ರೂಪುಗೊಂಡ ಧಾರಾವಾಹಿ. ಕುಡುಕ ಗಂಡನ ಕೈಯಲ್ಲಿ ನರಳುವ ಭಾಗವಂತಿಯನ್ನು ಮನೋಹರ ಶ್ಯಾಮ ಜೋಶಿ ಚಿತ್ರಿಸಿದ್ದು ಹೆಣ್ಣು ಹೀಗೆ ತಲೆಬಾಗಿ ಬದುಕಬಾರದು ಎಂಬ ಎಚ್ಚರಿಕೆಯಾಗಿ. ಆದರೆ ಸಾಕಷ್ಟು ಮಂದಿ ಪ್ರೇಕ್ಷಕರಿಗೆ ಅವಳೇ ಆದರ್ಶ ಹೆಂಗಸಾಗಿ ಕಂಡಳು.

ಈ ಎರಡು ಉದಾಹರಣೆಗಳ ನಡುವೆ ಸುಮಾರು ಮೂರು ದಶಕಗಳ ಅಂತರವಿದೆ, ಎರಡು ಖಂಡಗಳ ದೂರವಿದೆ. ಆದರೂ ಗಂಡಸಿನ ತಪ್ಪಿಗೆ ಆಳ ಕಾಣುವ, ಹೆಂಗಸಿನ ಪ್ರತಿರೋಧಕ್ಕೆ ಮುಖ ಸಿಂಡರಿಸುವ, ಅವಳ ಮೌನವನ್ನು ಹೊಗಳುವ ಕಣ್ಣು ಒಂದೇ. ಆದರ್ಶ ನಾಯಕಿಯರನ್ನು ವರ್ಷಗಟ್ಟಲೆ ನೋಡುವ ಅಭ್ಯಾಸ ಈ ಕಣ್ಣನ್ನು ಇನ್ನಷ್ಟು ಗಟ್ಟಿಮಾಡುತ್ತದೆ. ವಾರವಾರದ ಟಿಆರ್‌ಪಿಯ ಒತ್ತಡದಲ್ಲಿ ನಾಯಕಿಗೆ ಕಳಂಕ ಹಚ್ಚಲು ವಾಹಿನಿಗಳು ಹೆದರುವುದು ಅರ್ಥವಾಗುತ್ತದೆ. ಆದರೆ ಈ ಹೆದರಿಕೆಯಿಂದಲೇ ಒಂದು ಅಪಹರಣದ ಬೆನ್ನಿಗೆ ಇನ್ನೊಂದು ಅಪಹರಣವನ್ನು, ಒಂದು ನೆನಪಿನ ನಾಶದ ಬೆನ್ನಿಗೆ ಇನ್ನೊಂದನ್ನು ತರಬೇಕಾಗುತ್ತದೆ. ಪಾತ್ರದ ಒಳಗಿನಿಂದ ಕಥೆ ಹುಟ್ಟದಿದ್ದಾಗ ಹೊರಗಿನಿಂದ ಘಟನೆಗಳನ್ನು ತುಂಬಲೇಬೇಕು.

ನಾಯಕಿಗೆ ಕೊಲೆಗಾರನ ಮನಸ್ಸು ಬೇಕೆಂದು ನಾನು ಕೇಳುತ್ತಿಲ್ಲ. ಅವಳಿಗೂ ಅಸೂಯೆ ಬರಲಿ. ಮಕ್ಕಳಲ್ಲಿ ಒಬ್ಬರ ಮೇಲೆ ಹೆಚ್ಚು ಅಕ್ಕರೆ ಇರಲಿ. ದುಡ್ಡಿನ ಆಸೆಗೆ ಒಂದು ಸುಳ್ಳು ಹೇಳಲಿ, ಆ ಸುಳ್ಳಿಗೆ ಉತ್ತರ ಕೊಡುವ ಹೊಣೆಯನ್ನೂ ಬರಹಗಾರ ಅವಳಿಗೇ ಬಿಡಲಿ. ಆಗ ನಾದಿನಿಯ ಸಂಚಿಲ್ಲದೆಯೂ ಕಥೆ ನಡೆಯುತ್ತದೆ, ಅದನ್ನು ನಡೆಸುವವಳು ನಾಯಕಿಯೇ ಆಗಿರುತ್ತಾಳೆ.